ಇಚ್ಛಾಪೂರ್ವಕ ಕೃತ್ಯವೂ ಅಪರಾಧದ ಹೊಣೆಯೂ

ದೇಹವು ಚಲಿಸಿದ ಮಾತ್ರಕ್ಕೆ ಅದು ಮನುಷ್ಯನ ಕೃತ್ಯವೆನಿಸದು. ಆ ಚಲನೆಯ ಹಿಂದೆ ಅವನ ಇಚ್ಛೆಯಿರಬೇಕೆಂಬುದು ದಂಡನ್ಯಾಯದ ಮೂಲತತ್ತ್ವ. ಇಂಗ್ಲೆಂಡಿನಲ್ಲಿ 1958ರಲ್ಲಿ ವರದಿಯಾದ ಹಿಲ್-ಬ್ಯಾಕ್ಸ್ಟರ್ ಮೊಕದ್ದಮೆಯು ಇದಕ್ಕೆ ಪ್ರಸಿದ್ಧ ನಿದರ್ಶನ. ನಿಲುಗಡೆಯ ಫಲಕವನ್ನು ಮೀರಿ ಅಪಘಾತಕ್ಕೆ ಕಾರಣನಾದ ಚಾಲಕನು ತನಗಾಗ ಪ್ರಜ್ಞೆಯೇ ಇರಲಿಲ್ಲವೆಂದು ವಾದಿಸಿದನು. ಕೆಳನ್ಯಾಯಾಲಯ ಬಿಡುಗಡೆ ಮಾಡಿತು. ಮೇಲಿನ ನ್ಯಾಯಾಲಯ ಒಪ್ಪಲಿಲ್ಲ. ಜೇನುಹಿಂಡು ಮುತ್ತಿ ಹತೋಟಿ ತಪ್ಪಿದವನು ವಾಹನ ನಡೆಸುತ್ತಿದ್ದನೆನ್ನಲಾಗದು. ಆದರೆ ನಿದ್ದೆ ಕವಿಯುತ್ತಿದ್ದರೂ ನಿಲ್ಲಿಸದೆ ನಡೆಸಿದವನು ಪಾರಾಗಲಾರನು. ಮಲಗಿದ ಮೇಲೆ ಇಚ್ಛೆಯಿಲ್ಲ, ನಿಜ. ಮಲಗುವ ಮುನ್ನ ಇತ್ತಲ್ಲವೆ! ಪ್ರಜ್ಞೆ ತಪ್ಪಿತ್ತೆಂಬ ಬರಿಯ ಹೇಳಿಕೆಯೂ ಸಾಲದು, ಸಾಕ್ಷ್ಯ ಬೇಕು.

ನಮ್ಮಲ್ಲಿ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು, 1860ರ ದಂಡಸಂಹಿತೆಯಂತೆಯೇ, ಅರಿವಿಲ್ಲದೆ ಅಥವಾ ಬಲವಂತದಿಂದ ಅಮಲೇರಿಸಲ್ಪಟ್ಟು ತಾನೇನು ಮಾಡುತ್ತಿರುವೆನೆಂದು ತಿಳಿಯದಾದವನಿಗೆ ರಕ್ಷಣೆ ನೀಡುತ್ತದೆ. ತಾನಾಗಿ ಕುಡಿದವನಿಗೆ ಆ ವಿನಾಯಿತಿಯಿಲ್ಲ.