ಬಾಳೆಯ ರೋಗಪರೀಕ್ಷೆಯಲ್ಲಿ ಪ್ರೈಮರಿನ ಉಷ್ಣಮಾನ

ಬಾಳೆಯ ಗೊಂಚಲು ತುದಿ ರೋಗವು ಎಳೆಯ ಗಿಡಕ್ಕೆ ತಗುಲಿತೆಂದರೆ ರೈತನು ಅದರ ಗೊನೆಯ ಆಸೆಯನ್ನು ಬಿಡತಕ್ಕದ್ದೇ ಸರಿ. ಎಲೆಗಳು ಕಿರಿದಾಗಿ ನೆಟ್ಟಗೆ ನಿಂತು ತುದಿಯಲ್ಲಿ ಒತ್ತಾಗುವುವು. ಎಲೆದಂಟಿನಲ್ಲಿಯೂ ನರಗಳಲ್ಲಿಯೂ ಕಡುಹಸುರಾದ ಸಣ್ಣ ಗೀರುಗಳು ಕಾಣುವುವು. ಆದರೆ ಈ ಚಿಹ್ನೆಗಳು ತೋರುವ ಮೊದಲೇ ರೋಗದ ವೈರಸ್ಸು ಕಂದಿನಲ್ಲಿ ಅಡಗಿರುವುದುಂಟು. ಅಂಗಾಂಶ ಕೃಷಿಯಿಂದ ಒಂದೇ ತಾಯಿಗಿಡದ ಸಾವಿರಾರು ಸಸಿಗಳನ್ನು ಎಬ್ಬಿಸುವ ಈ ಕಾಲದಲ್ಲಿ ತಾಯಿಗಿಡದ ಶುದ್ಧತೆಯನ್ನು ಕಣ್ಣಂದಾಜಿಗೆ ಬಿಡಲಾಗದು. ಅಂಗಾಂಶ ಸಸಿಗಳಿಗೆ ಕೇಂದ್ರ ಸರ್ಕಾರವು 2006ರಲ್ಲಿ ಏರ್ಪಡಿಸಿದ ದೃಢೀಕರಣ ಪದ್ಧತಿಯಲ್ಲಿ ವೈರಸ್ ಪರೀಕ್ಷೆಯು ಸೇರಿರುವುದು ಇದರಿಂದಲೇ.

ಈ ವೈರಸ್ಸಿನ ಆನುವಂಶಿಕ ದ್ರವ್ಯವು ಡಿ.ಎನ್.ಎ. ಆದುದರಿಂದ ಪಿ.ಸಿ.ಆರ್. ವಿಧಾನವು ಇದಕ್ಕೆ ನೇರವಾಗಿ ಒಗ್ಗುವುದು. ಅಮೆರಿಕದ ಕ್ಯಾರಿ ಮುಲ್ಲಿಸ್ ಎಂಬವರು 1983ರಲ್ಲಿ ಇದನ್ನು ಕಲ್ಪಿಸಿದರು. ಸುಮಾರು 94 ಡಿಗ್ರಿ ಸೆಂಟಿಗ್ರೇಡಿನಲ್ಲಿ ಡಿ.ಎನ್.ಎ.ಯ ಎರಡು ಎಳೆಗಳು ಬೇರ್ಪಡುವುವು; ಶಾಖವನ್ನು ಇಳಿಸಿದಾಗ ಇಪ್ಪತ್ತು ಅಕ್ಷರಗಳಷ್ಟು ಉದ್ದದ ಪ್ರೈಮರ್ ಎಂಬ ತುಣುಕು ತನಗೆ ಹೊಂದುವ ಸ್ಥಳದಲ್ಲಿ ಕೂರುವುದು; 72 ಡಿಗ್ರಿಯಲ್ಲಿ ಅಲ್ಲಿಂದ ಹೊಸ ಎಳೆ ಬೆಳೆಯುವುದು. ಮೂವತ್ತು ಸುತ್ತಿಗೆ ಒಂದು ಪ್ರತಿಯು, ಲೆಕ್ಕದ ಮೇಲೆ, ನೂರು ಕೋಟಿಗೂ ಮಿಗಿಲಾಗುವುದು. ಅನಂತರ ಜೆಲ್ಲಿನಲ್ಲಿ ವಿದ್ಯುತ್ತನ್ನು ಹಾಯಿಸಿದರೆ ನಿಯಮಿತ ಉದ್ದದ ಗೆರೆ ಕಾಣುವುದು.

ತೀರ್ಪು ಕೆಡುವುದು ಹೆಚ್ಚಾಗಿ ನಡುವಣ ಶಾಖದಲ್ಲಿಯೇ. ಅದು ತೀರ ಕಡಮೆಯಾದರೆ ಪ್ರೈಮರು ಅರ್ಧಂಬರ್ಧ ಹೊಂದುವ ಕಡೆಯಲ್ಲಿಯೂ, ಬಾಳೆಯ ಸ್ವಂತ ಡಿ.ಎನ್.ಎ.ಯ ಮೇಲೂ ಕೂತುಬಿಡುವುದು. ನಿರೋಗಿ ಗಿಡದಲ್ಲಿ ಗೆರೆ ಮೂಡಿ ಅದನ್ನು ಕಿತ್ತೆಸೆಯುವ ಪ್ರಸಂಗ ಬರುವುದು. ಹೆಚ್ಚಾದರೆ ಪ್ರೈಮರು ಎಲ್ಲಿಯೂ ನಿಲ್ಲದೆ ರೋಗಿ ಗಿಡವು ಶುದ್ಧವೆನ್ನಿಸಿಕೊಳ್ಳುವುದು. ಎರಡನೆಯ ತಪ್ಪೇ ಹೆಚ್ಚು ಕೇಡಿನದು. ಒಂದು ಗಿಡ ಹೋದರೆ ಒಬ್ಬನ ನಷ್ಟ, ರೋಗದ ತಾಯಿಗಿಡ ಉಳಿದರೆ ಸಸ್ಯಹೇನುಗಳ ಮೂಲಕ ಊರ ತೋಟಗಳೆಲ್ಲಕ್ಕೂ ನಷ್ಟ.

ಮೊದಲ ಅಂದಾಜಿಗೆ ಸುಲಭವಾದ ಲೆಕ್ಕವೊಂದುಂಟು. ಪ್ರೈಮರಿನ ಎ, ಟಿ ಅಕ್ಷರಗಳಿಗೆ ಎರಡೆರಡು ಡಿಗ್ರಿ. ಜಿ, ಸಿ ಅಕ್ಷರಗಳಿಗೆ ನಾಲ್ಕು ನಾಲ್ಕು. ಒಂದು ಪ್ರೈಮರಿನಲ್ಲಿ ಎ, ಟಿ ಸೇರಿ 10, ಜಿ, ಸಿ ಸೇರಿ 10 ಇದ್ದರೆ ಮೊತ್ತ 60. ಜೊತೆಯದರಲ್ಲಿ 11 ಮತ್ತು 9 ಇದ್ದರೆ 58. ಕಡಮೆಯಾದ 58ನ್ನು ಹಿಡಿದು ಐದನ್ನು ಕಳೆದರೆ 53 ಡಿಗ್ರಿ. ಎರಡರ ಮೊತ್ತಗಳಲ್ಲಿ ಬಹಳ ಅಂತರವಿದ್ದರೆ ಬೇರೆ ಜೋಡಿಯನ್ನು ಆರಿಸುವುದೇ ಮೇಲು.

ಈ 53 ಆರಂಭದ ಗುರುತು ಮಾತ್ರ. ದ್ರಾವಣದ ಉಪ್ಪು, ಮೆಗ್ನೀಸಿಯಂ, ಪ್ರೈಮರಿನ ಪ್ರಮಾಣ ಇವು ಬದಲಾದಂತೆ ಹೊಂದುವ ಶಾಖವೂ ಬದಲಾಗುವುದು. ಮತ್ತೊಬ್ಬರು ಅಚ್ಚು ಹಾಕಿಸಿದ ಅಂಕಿಯನ್ನು ಹಾಗೆಯೇ ಎತ್ತಿಕೊಳ್ಳುವುದು ಪರಊರಿನ ಮಳೆ ನೋಡಿ ತನ್ನ ಹೊಲ ಬಿತ್ತಿದಂತೆ. ಆದಕಾರಣ ಒಂದೇ ಯಂತ್ರದಲ್ಲಿ 50ರಿಂದ 60 ಡಿಗ್ರಿಯವರೆಗೆ, ಎರಡೆರಡು ಡಿಗ್ರಿ ಏರಿಸುತ್ತ ಕೊಳವೆಗಳ ಸಾಲನ್ನಿಟ್ಟು ಪರೀಕ್ಷಿಸತಕ್ಕದ್ದು. ಪ್ರತಿ ಶಾಖದಲ್ಲಿಯೂ ರೋಗವು ಖಚಿತವಾದ ಗಿಡದ ಮಾದರಿ, ನಿರೋಗಿಯೆಂದು ಖಚಿತವಾದ ಗಿಡದ ಮಾದರಿ, ಬರಿಯ ನೀರು, ಈ ಮೂರೂ ಇರಬೇಕು. ರೋಗದ ಮಾದರಿಯನ್ನು ಹತ್ತು ಪಾಲು, ನೂರು ಪಾಲು ತೆಳುವು ಮಾಡಿಯೂ ಇಡುವುದು ಅಗತ್ಯ. ಅಡಗಿರುವ ರೋಗವು ಅಲ್ಪ ಪ್ರಮಾಣದಲ್ಲಿಯೇ ಇರುವುದಲ್ಲವೆ?

ತೆಳುವಾದ ಮಾದರಿಯಲ್ಲಿಯೂ ಸರಿಯಾದ ಉದ್ದದ ಗೆರೆ ಸ್ಪಷ್ಟವಾಗಿ ಮೂಡಿ, ನಿರೋಗಿಯಲ್ಲಿಯೂ ನೀರಿನಲ್ಲಿಯೂ ಏನೂ ಕಾಣದಿರುವ ಶಾಖಗಳಲ್ಲಿ ಅತ್ಯಂತ ಮೇಲಿನದನ್ನು ಗುರುತಿಸಿ, ಅದಕ್ಕಿಂತ ಒಂದು ಡಿಗ್ರಿ ಕೆಳಗೆ ನಿಲ್ಲುವುದು ಕ್ಷೇಮ; ಯಂತ್ರಯಂತ್ರಕ್ಕೂ ಸ್ವಲ್ಪ ಹೆಚ್ಚುಕಡಮೆಯುಂಟು. ಆ ಶಾಖದಲ್ಲಿ ನಿರೋಗಿಯ ಮಾದರಿಯು ಶುದ್ಧವಾಗಿ ಉಳಿದಿರುವುದನ್ನು ಮತ್ತೊಮ್ಮೆ ನೋಡಿಕೊಳ್ಳಬೇಕು. ನೀರಿನ ಕೊಳವೆಯಲ್ಲಿ ಸರಿಯಾದ ಉದ್ದದ ಗೆರೆಯೇ ಕಂಡರೆ ಅದು ಬೆರಕೆಯ ಸೂಚನೆ. ಶಾಖವನ್ನು ತಿದ್ದಿ ಫಲವಿಲ್ಲ, ದ್ರಾವಣಗಳನ್ನೇ ಬದಲಿಸಬೇಕು.

ಬಾಳೆಯೆಲೆಯ ರಸದಲ್ಲಿರುವ ಒಗರು ಮತ್ತು ಅಂಟು ಪದಾರ್ಥಗಳು ಕ್ರಿಯೆಯನ್ನೇ ತಡೆಯಬಲ್ಲವು. ಇದಕ್ಕಾಗಿ ಬಾಳೆಯ ಸ್ವಂತ ಜೀನ್ ಒಂದಕ್ಕೆ ಹೊಂದುವ ಪ್ರೈಮರಿನಿಂದ ಪ್ರತಿ ಮಾದರಿಯನ್ನೂ ಬೇರೆಯಾಗಿ ಪರೀಕ್ಷಿಸುವುದುಂಟು. ಅದರ ಗೆರೆಯೂ ಬಾರದಿದ್ದಲ್ಲಿ ಗಿಡವನ್ನು ಶುದ್ಧವೆಂದು ಬರೆಯದೆ, ಎಲೆಯಿಂದ ಡಿ.ಎನ್.ಎ.ಯನ್ನು ಪುನಃ ತೆಗೆದು ಪರೀಕ್ಷಿಸತಕ್ಕದ್ದು.