ಲೋಹಕ್ಕೂ ದಣಿವುಂಟು

ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ ತರುಣರು ನನ್ನನ್ನು ಕಾಣಲು ಬಂದಾಗ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಡ್ರಾಯಿಂಗ್ ಆಫೀಸನ್ನು ಸೇರುವುದು ಒಳ್ಳೆಯದೋ, ಕಾರ್ಖಾನೆಯ ಶಾಪಿಗೆ ಇಳಿಯುವುದು ಒಳ್ಳೆಯದೋ? ಕಾಲೇಜಿನಲ್ಲಿ ಕಲಿತ ಲೆಕ್ಕಗಳು ಕೆಲಸಕ್ಕೆ ಬರುತ್ತವೆಯೆ? ಸಂಬಳ ಹೆಚ್ಚೆಂದು ಸಾಫ್ಟ್‌ವೇರಿನ ಕಡೆಗೆ ಹೊರಟುಬಿಡುವುದು ತಪ್ಪೆ? ಈ ಪ್ರಶ್ನೆಗಳಿಗೆ ನಾನು ನೇರವಾಗಿ ಉತ್ತರ ಕೊಡುವುದಿಲ್ಲ. ಮುರಿದುಹೋದ ಒಂದು ಷಾಫ್ಟಿನ ಸಂಗತಿಯನ್ನು ಹೇಳುತ್ತೇನೆ. ಕೇಳುಗ ಮಿತ್ರರಿಗೂ ಈ ಹೊತ್ತು ಅದನ್ನೇ ಹೇಳಬೇಕೆಂದಿದ್ದೇನೆ.

ಅದು 1979ನೆಯ ಇಸವಿ. ಬೆಂಗಳೂರಿನ ಒಂದು ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ನಾನು ಕೆಲಸಕ್ಕೆ ಸೇರಿ ಎರಡು ವರ್ಷ ತುಂಬಿರಲಿಲ್ಲ. ಕುಲುಮೆಗೆ ಗಾಳಿಯೂದುವ ಒಂದು ಬ್ಲೋಯರಿಗೆ ಹೊಸ ಷಾಫ್ಟನ್ನು ವಿನ್ಯಾಸ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತು. ಷಾಫ್ಟೆಂದರೆ ತಿರುಗುವ ಉಕ್ಕಿನ ದಂಡ. ಅದರ ನಡುಭಾಗ ದಪ್ಪ, ಬೇರಿಂಗು ಕೂರುವ ತುದಿಗಳು ತೆಳು. ದಪ್ಪವು ತೆಳುವಿಗೆ ಇಳಿಯುವ ಮೆಟ್ಟಿಲಿಗೆ ನಾವು ಭುಜ ಎನ್ನುತ್ತೇವೆ. ಬೇರಿಂಗಿನ ಒಳಬಳೆ ಈ ಭುಜಕ್ಕೆ ಒತ್ತಿಕೊಂಡು ಕೂರಬೇಕು. ಬೇರಿಂಗಿನಾಚೆ ರಾಟೆ, ರಾಟೆಯ ಮೇಲೆ ಬೆಲ್ಟು. ನಾನು ಬೆಲ್ಟಿನ ಎಳೆತವನ್ನು ಲೆಕ್ಕಹಾಕಿದೆ, ಉಕ್ಕಿನ ಶಕ್ತಿಯನ್ನು ಪುಸ್ತಕದಲ್ಲಿ ನೋಡಿದೆ. ಬೀಳುವ ಭಾರದ ನಾಲ್ಕರಷ್ಟನ್ನು ಷಾಫ್ಟು ತಾಳಬಲ್ಲದೆಂದು ಕಂಡು ಸಮಾಧಾನಪಟ್ಟೆ. ಬೇರಿಂಗು ಭುಜಕ್ಕೆ ಸರಿಯಾಗಿ ಕೂರಲೆಂದು ಭುಜದ ಒಳಮೂಲೆಯನ್ನು ತೀರ ಚೂಪಾಗಿಯೇ ಬರೆದೆ.

ನಕ್ಷೆ ಲೇತಿನ ಬಳಿಗೆ ಹೋಯಿತು. ಅಲ್ಲಿನ ಟರ್ನರು ನನಗಿಂತ ಇಪ್ಪತ್ತು ವರ್ಷ ಹಿರಿಯರು. ಆದರೂ ಹಂಗಾಮಿ ನೌಕರರು. ಅವರು ನಕ್ಷೆಯನ್ನು ಹಿಡಿದುಕೊಂಡು ನನ್ನ ಮೇಜಿಗೆ ಬಂದರು. "ಮೂಲೆಗೆ ಎಷ್ಟು ದುಂಡು ಕೊಡಲಿ, ಸಾರ್?" ಎಂದು ಕೇಳಿದರು. "ನಕ್ಷೆಯಲ್ಲಿರುವಂತೆ ಮಾಡಿ" ಎಂದೆ. ಅವರು ಮರುಮಾತಾಡದೆ ಹೋದರು.

ಮೂರನೆಯ ವಾರ, ಕಾಫಿಯ ವಿರಾಮದ ಹೊತ್ತಿನಲ್ಲಿ, ಷಾಫ್ಟು ಮುರಿಯಿತು. ರಾಟೆ ಹಾರಿ ಗೋಡೆಗೆ ಬಡಿಯಿತು. ಬ್ಲೋಯರಿನ ಪಕ್ಕದಲ್ಲಿ ನಿಲ್ಲುತ್ತಿದ್ದ ಕೆಲಸಗಾರ ಕಾಫಿಗೆ ಹೋಗಿದ್ದುದರಿಂದ ಉಳಿದುಕೊಂಡ. ಸಂಜೆಯ ವೇಳೆಗೆ ತಪ್ಪು ಯಾರದೆಂಬ ಮಾತು ಹುಟ್ಟಿತು. ಉಕ್ಕು ಕಳಪೆಯೆಂದು ಕೆಲವರು, ಟರ್ನರು ಉಳಿಯನ್ನು ಒರಟಾಗಿ ಓಡಿಸಿದ್ದಾರೆಂದು ಕೆಲವರು. ಹಂಗಾಮಿ ನೌಕರರನ್ನು ಮನೆಗೆ ಕಳುಹಿಸುವುದು ಸುಲಭ. ಆ ಸಂಜೆ ನಾನು ಬಾಯಿ ಬಿಡಲಿಲ್ಲ. ಈ ಮಾತನ್ನು ಇಂದಿಗೂ ನಾಚಿಕೆಯಿಂದಲೇ ಹೇಳುತ್ತೇನೆ.

ಮರುದಿನ ಬೆಳಿಗ್ಗೆ ಫೋರ್‌ಮನ್ನರು ಮುರಿದ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ನನ್ನನ್ನು ಕರೆದರು. "ನೋಡಿ ಸ್ವಾಮಿ, ಇದು ನೆನ್ನೆ ಮುರಿದದ್ದಲ್ಲ" ಎಂದರು. ಮುರಿದ ಮುಖದ ಬಹುಭಾಗ ನುಣ್ಣಗಿತ್ತು. ಮರಳಿನ ಮೇಲೆ ಅಲೆ ಬಿಟ್ಟುಹೋದ ಗೆರೆಗಳಂತೆ ಅದರಲ್ಲಿ ಬಾಗಿದ ಗೆರೆಗಳಿದ್ದವು. ಒಂದು ಸಣ್ಣ ಭಾಗ ಮಾತ್ರ ಸಕ್ಕರೆಯ ಹರಳಿನಂತೆ ಒರಟಾಗಿತ್ತು. ಗೆರೆಗಳೆಲ್ಲ ಹೊರಟದ್ದು ಭುಜದ ಆ ಚೂಪು ಮೂಲೆಯಿಂದ. ಬಿರುಕು ಅಲ್ಲಿ ಹುಟ್ಟಿ ದಿನದಿನವೂ ಒಳಕ್ಕೆ ಸರಿದಿತ್ತು. ಯಂತ್ರ ನಿಂತು ಮತ್ತೆ ಹೊರಟಾಗಲೆಲ್ಲ ಒಂದೊಂದು ಗೆರೆ ಮೂಡಿತ್ತು. ಉಳಿದ ಒರಟು ಭಾಗ ಅಷ್ಟು ಚಿಕ್ಕದಾಗಿದ್ದುದೇ ಉಕ್ಕು ಕಳಪೆಯಲ್ಲವೆಂಬುದಕ್ಕೆ ಸಾಕ್ಷಿ. ಮೂರು ಪಾಲು ಸೀಳಿದ ಮೇಲೂ ಅದು ಭಾರ ಹೊತ್ತಿತ್ತು.

ಲೋಹದ ಈ ಸ್ವಭಾವಕ್ಕೆ ದಣಿವು ಎಂದು ಹೆಸರು. ಕತ್ತರಿ ಕೈಗೆ ಸಿಕ್ಕದಿದ್ದಾಗ ತಂತಿಯನ್ನು ಅತ್ತಿತ್ತ ಬಾಗಿಸಿ ತುಂಡು ಮಾಡುವುದನ್ನು ನೀವೆಲ್ಲ ಬಲ್ಲಿರಿ. ಒಂದೇ ಸಲ ಎಳೆದರೆ ಜಗ್ಗದ ತಂತಿ ಹತ್ತಾರು ಬಾಗುಗಳಿಗೆ ಸೋಲುತ್ತದೆ. ನಮ್ಮ ಎತ್ತಿನ ಗಾಡಿಯಲ್ಲಿ ಅಚ್ಚು ನಿಂತಿರುತ್ತದೆ, ಗಾಲಿ ಮಾತ್ರ ತಿರುಗುತ್ತದೆ. ಆದುದರಿಂದ ಅಚ್ಚು ಬಾಗಿದರೆ ಒಂದೇ ದಿಕ್ಕಿಗೆ. ರೈಲಿನಲ್ಲಿ ಗಾಲಿಯೊಡನೆ ಅಚ್ಚೂ ತಿರುಗುತ್ತದೆ. ಅದರ ಮೈಮೇಲಿನ ಒಂದು ಬಿಂದು ಅರ್ಧ ಸುತ್ತಿಗೆ ಹಿಗ್ಗುತ್ತದೆ, ಇನ್ನರ್ಧ ಸುತ್ತಿಗೆ ಕುಗ್ಗುತ್ತದೆ. ನನ್ನ ಬ್ಲೋಯರಿನ ಷಾಫ್ಟಿನ ಪಾಡೂ ಇದೇ. ಅದು ನಿಮಿಷಕ್ಕೆ 1,440 ಸುತ್ತು ತಿರುಗುತ್ತಿತ್ತು. ದಿನಕ್ಕೆ ಎಂಟು ಗಂಟೆಯ ಲೆಕ್ಕದಲ್ಲಿ ಹದಿನೈದು ದಿನಕ್ಕೆ ಒಂದು ಕೋಟಿ ಸುತ್ತು ದಾಟುತ್ತದೆ. ನಾನು ಒಂದು ಸಲದ ಭಾರವನ್ನು ಎಣಿಸಿದ್ದೆ; ಒಂದು ಕೋಟಿ ಸಲದ್ದನ್ನು ಎಣಿಸಿರಲಿಲ್ಲ.

ಈ ಪಾಠವನ್ನು ಜಗತ್ತು ದೊಡ್ಡ ಬೆಲೆ ತೆತ್ತು ಕಲಿತಿದೆ. 1842ರ ಮೇ 8ರಂದು ವರ್ಸೇಲ್ಸ್‌ನಿಂದ ಪ್ಯಾರಿಸ್ಸಿಗೆ ಹಿಂದಿರುಗುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಮರುವರ್ಷವೇ ರ್‍ಯಾಂಕಿನ್ ಎಂಬ ತರುಣ ಎಂಜಿನಿಯರು, ಆಗ ಆತನಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ, ಮುರಿದ ಅಚ್ಚುಗಳನ್ನು ಪರೀಕ್ಷಿಸಿ ಒಂದು ಪ್ರಬಂಧ ಬರೆದ. ಬಿರುಕು ಭುಜದ ಮೂಲೆಯಲ್ಲಿ ಹುಟ್ಟಿ ಮೆಲ್ಲನೆ ಬೆಳೆಯುತ್ತದೆ, ಆದುದರಿಂದ ಆ ಮೂಲೆಯನ್ನು ದುಂಡಾಗಿಸಬೇಕು ಎಂಬುದು ಅವನ ಸಲಹೆ. ಅನಂತರ ಜರ್ಮನಿಯ ವೋಲರ್ ಎಂಬಾತ 1850ರ ದಶಕದಿಂದ ಮೊದಲಿಟ್ಟು ವರ್ಷಾನುವರ್ಷ ಅಚ್ಚುಗಳನ್ನು ತಿರುಗಿಸಿ ತಿರುಗಿಸಿ ಮುರಿದು ನೋಡಿದ. ಒಂದೇ ಸಲಕ್ಕೆ ಮುರಿಯಲು ಬೇಕಾದುದಕ್ಕಿಂತ ಬಹಳ ಕಡಿಮೆ ಬಲವೂ ಮರುಕಳಿಸಿದರೆ ಉಕ್ಕನ್ನು ಮುರಿಯುತ್ತದೆ; ಒಂದು ಮಿತಿಗಿಂತ ಕೆಳಗಿದ್ದರೆ ಮಾತ್ರ ಅದು ಬಹುಕಾಲ ಬಾಳುತ್ತದೆ ಎಂದು ತೋರಿಸಿದ. ನಯವಾಗಿ ಹೊಳಪಿಸಿದ ಸಾಮಾನ್ಯ ಉಕ್ಕಿನ ತುಂಡಿಗೆ ಈ ಮಿತಿ, ಅದರ ಎಳೆತದ ಶಕ್ತಿಯ ಸುಮಾರು ಅರ್ಧ. ಯಂತ್ರದ ನಿಜವಾದ ಭಾಗಗಳಿಗೆ ಅದಕ್ಕಿಂತಲೂ ಕಡಿಮೆ. ಅಲ್ಯುಮಿನಿಯಮ್ಮಿಗಂತೂ ಇಂಥ ಸ್ಪಷ್ಟ ಮಿತಿಯೇ ಇಲ್ಲ.

ಮೂಲೆಯ ತಪ್ಪೇನು? ಹೊಳೆಯ ನೀರು ಕಂಬದ ಬಳಿ ಹೇಗೆ ಇರುಕಿಕೊಂಡು ಹರಿಯುತ್ತದೆಯೋ ಹಾಗೆ, ಲೋಹದೊಳಗೆ ಹರಿಯುವ ಬಲವೂ ರಂಧ್ರ, ಗೀರು, ಮೂಲೆಗಳ ಬಳಿ ದಟ್ಟೈಸುತ್ತದೆ. ಎಳೆತಕ್ಕೆ ಸಿಕ್ಕ ಅಗಲವಾದ ತಗಡಿನಲ್ಲಿ ಒಂದು ಸಣ್ಣ ದುಂಡು ರಂಧ್ರವಿದ್ದರೆ ಅದರ ಅಂಚಿನಲ್ಲಿ ಬಲ ಮೂರರಷ್ಟಾಗುತ್ತದೆ. ಚೂಪು ಮೂಲೆಯಲ್ಲಿ ಇನ್ನೂ ಹೆಚ್ಚು. ಇಂದಿನ ಕಂಪ್ಯೂಟರು ಇದನ್ನು ಬಣ್ಣಬಣ್ಣದ ಚಿತ್ರವಾಗಿ ತೋರಿಸುತ್ತದೆ. ಆದರೆ ಅಲ್ಲೂ ಒಂದು ಬಲೆಯಿದೆ. ಮೂಲೆಯನ್ನು ತೀರ ಚೂಪಾಗಿ ಬರೆದರೆ, ಲೆಕ್ಕದ ಜಾಲವನ್ನು ಸಣ್ಣದಾಗಿಸಿದಷ್ಟೂ ಅಲ್ಲಿನ ಅಂಕಿ ಏರುತ್ತಲೇ ಹೋಗುತ್ತದೆ. ಯಾವ ಅಂಕಿಯನ್ನು ನಂಬಬೇಕೆಂಬುದನ್ನು ಕಂಪ್ಯೂಟರು ಹೇಳಲಾರದು.

ಫೋರ್‌ಮನ್ನರ ಕೈಯಲ್ಲಿದ್ದ ತುಂಡನ್ನು ನೋಡಿದ ಮೇಲೆ ನಾನು ಮ್ಯಾನೇಜರ ಕೋಣೆಗೆ ಹೋಗಿ ತಪ್ಪು ನಕ್ಷೆಯದೆಂದು ಹೇಳಿದೆ. ಟರ್ನರು ಬಂದು ಕೇಳಿದ್ದನ್ನೂ ಹೇಳಿದೆ. ಅವರ ಕೆಲಸ ಉಳಿಯಿತು. ನನ್ನನ್ನು ಒಂದು ವರ್ಷದ ಮಟ್ಟಿಗೆ ಶಾಪಿಗೆ ಹಾಕಿದರು. ಅದನ್ನು ಶಿಕ್ಷೆಯೆಂದೇ ತಿಳಿದು ಹೋದೆ. ಮೊದಲ ತಿಂಗಳು ಟರ್ನರು ನನ್ನೊಡನೆ ಹೆಚ್ಚು ಮಾತಾಡಲಿಲ್ಲ. ಹೊಸ ಷಾಫ್ಟನ್ನು ಕಡೆಯುವಾಗ ಮಾತ್ರ ಪಕ್ಕಕ್ಕೆ ಕರೆದು ತೋರಿಸಿದರು: ಬೇರಿಂಗಿನ ಒಳಬಳೆಯ ಅಂಚೇ ದುಂಡಾಗಿರುತ್ತದೆ, ಷಾಫ್ಟಿನ ದುಂಡು ಅದಕ್ಕಿಂತ ತುಸು ಚಿಕ್ಕದಾದರೆ ಬಳೆ ಭುಜಕ್ಕೆ ಸರಿಯಾಗಿಯೇ ಕೂರುತ್ತದೆ. ಇನ್ನೂ ದೊಡ್ಡ ದುಂಡು ಬೇಕಾದರೆ ನಡುವೆ ಒಂದು ಬಿಡಿ ಬಳೆ ಹಾಕಿದರಾಯಿತು. ಉಳಿಯ ಮೂತಿಯನ್ನು ಸಾಣೆ ಹಿಡಿದು ದುಂಡು ಮಾಡಲು ಅವರಿಗೆ ಹಿಡಿದದ್ದು ಐದು ನಿಮಿಷ. ನಾನು ಆ ಕಾರ್ಖಾನೆಯನ್ನು ಬಿಡುವವರೆಗೂ ಆ ಷಾಫ್ಟು ತಿರುಗುತ್ತಿತ್ತು.

ಈಗ ಮೊದಲಿನ ಪ್ರಶ್ನೆಗಳಿಗೆ ಬರೋಣ. ಡ್ರಾಯಿಂಗ್ ಆಫೀಸೋ ಶಾಪೋ ಎಂದರೆ, ಎರಡೂ. ಆದರೆ ಮೊದಲು ಶಾಪು. 1961ರ ಅಪ್ರೆಂಟಿಸ್ ಕಾಯಿದೆಯನ್ನು 1973ರಲ್ಲಿ ತಿದ್ದಿ ಪದವೀಧರರಿಗೂ ಡಿಪ್ಲೊಮಾ ಪಡೆದವರಿಗೂ ಅದರಲ್ಲಿ ಎಡೆಮಾಡಿಕೊಟ್ಟರು. ಆ ತರಬೇತಿಯ ಕಾಲವನ್ನು ಸಂಬಳ ಕಡಿಮೆಯೆಂದು ಹೀಗಳೆಯಬೇಡಿ. ಕಾಲೇಜಿನ ಲೆಕ್ಕ ಕೆಲಸಕ್ಕೆ ಬರುತ್ತದೆಯೆ? ಬರುತ್ತದೆ; ಮುರಿದ ಮುಖ ಏನು ಹೇಳುತ್ತದೆಂಬುದನ್ನು ಫೋರ್‌ಮನ್ನರು ಬಲ್ಲರು, ದುಂಡು ಎಷ್ಟಿರಬೇಕೆಂಬುದನ್ನು ಅಂಕಿಯಲ್ಲಿ ಹೇಳಬೇಕಾದವನು ಎಂಜಿನಿಯರು. ಸಾಫ್ಟ್‌ವೇರಿಗೆ ಹೋಗುವುದು ತಪ್ಪಲ್ಲ. ಮನೆಯ ಹೊಣೆ ಹೊತ್ತವರಿಗೆ ಸಂಬಳ ಸಣ್ಣ ಮಾತಲ್ಲ. ಆದರೆ ಉಳಿಯುವವರು ಒಂದು ಮಾತನ್ನು ತಿಳಿದು ಉಳಿಯಬೇಕು. ನಮ್ಮ ನಕ್ಷೆಯ ಪಕ್ಕದಲ್ಲಿ ಯಾವಾಗಲೂ ಒಬ್ಬ ಮನುಷ್ಯ ನಿಂತಿರುತ್ತಾನೆ. ಅವನು ಕಾಫಿಗೆ ಹೋಗಿರುತ್ತಾನೆಂದು ನಂಬಿ ನಾವು ಗೆರೆ ಎಳೆಯುವಂತಿಲ್ಲ. ನಕ್ಷೆಯನ್ನು ಹಿಡಿದುಕೊಂಡು ಯಾರಾದರೂ ನಿಮ್ಮ ಮೇಜಿಗೆ ಬಂದು ಪ್ರಶ್ನೆ ಕೇಳಿದರೆ, ಪೆನ್ಸಿಲನ್ನು ಕೆಳಗಿಟ್ಟು, ಅವರಿಗೆ ಕುರ್ಚಿ ಕೊಟ್ಟು ಕೇಳಿ.