ಹಳೆಯ ವಿಂಡೋಸ್‌ಗೆ ಮರಳಬೇಕೆ? ಅಂಗಡಿಯ ಗಣಕಯಂತ್ರಕ್ಕೊಂದು ಲೆಕ್ಕ

ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ದಾಂಡೇಲಿಯ ಕಾಗದ ಕಾರ್ಖಾನೆಯನ್ನು ನಂಬಿಕೊಂಡಿರುವ ಸಣ್ಣ ಯಂತ್ರಾಗಾರಗಳಿಗೂ ಸಾಗಣೆದಾರರಿಗೂ, ಹಳಿಯಾಳದ ಗೊಬ್ಬರ ಮತ್ತು ಕಬ್ಬಿಣದ ಅಂಗಡಿಗಳಿಗೂ, ಮುಂಡಗೋಡದ ಮೆಕ್ಕೆಜೋಳ, ಶುಂಠಿಯ ವರ್ತಕರಿಗೂ, ಜೋಯಿಡಾದ ಹೋಂ ಸ್ಟೇ ಮಾಲೀಕರಿಗೂ ಈ ದಿನಾಂಕ ಒಂದೇ ರೀತಿಯಲ್ಲಿ ಅನ್ವಯವಾಗುತ್ತದೆ. ವಿಂಡೋಸ್ 11 ಹಾಕಿಸಿಕೊಂಡವರಲ್ಲಿ ಕೆಲವರಿಗೆ ಬಿಲ್ಲು ಮುದ್ರಣವಾಗುವುದಿಲ್ಲ, ಕೆಲವರಿಗೆ ತೂಕದ ಅಂಕಿ ಪರದೆಗೆ ಬರುವುದಿಲ್ಲ. ಆಗ ಸಹಜವಾಗಿ ಹೊರಡುವ ಮಾತು, "ಮೊದಲಿನದನ್ನೇ ಹಾಕಿಕೊಡಿ" ಎಂಬುದು. ಊರೆಲ್ಲ ಸುತ್ತಿದರೂ ಹಳೆ ಗಂಡನ ಪಾದವೇ ಗತಿ ಎಂಬ ಗಾದೆ ಇಲ್ಲಿ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದನ್ನು ವ್ಯವಹಾರದ ಲೆಕ್ಕದಿಂದ ನೋಡುವುದು ಒಳ್ಳೆಯದು.

ವಿಸ್ಟಾ ಕಾಲದ ಅನುಭವ

ಇಂತಹ ಪ್ರಶ್ನೆ ಉದ್ಭವಿಸಿರುವುದು ಇದೇ ಮೊದಲಲ್ಲ. 2007ರ ಜನವರಿ 30ರಂದು ವಿಂಡೋಸ್ ವಿಸ್ಟಾ ಸಾರ್ವಜನಿಕ ಮಾರಾಟಕ್ಕೆ ಬಂದಿತು. ಕರ್ನಾಟಕದಲ್ಲಿ ಮೌಲ್ಯವರ್ಧಿತ ತೆರಿಗೆ ಜಾರಿಯಾಗಿ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ವರ್ತಕರು ಕೈಬರಹದ ಖಾತೆಪುಸ್ತಕದಿಂದ ಟ್ಯಾಲಿಗೆ ಹೊರಳುತ್ತಿದ್ದ ಕಾಲವದು. 512 ಎಂಬಿ ಸ್ಮರಣಶಕ್ತಿಯ ಯಂತ್ರಗಳಲ್ಲಿ ವಿಸ್ಟಾ ತೆವಳುತ್ತಿತ್ತು, ಹಳೆಯ ಪ್ರಿಂಟರ್‌ಗಳಿಗೆ ಚಾಲಕ ತಂತ್ರಾಂಶ ದೊರೆಯುತ್ತಿರಲಿಲ್ಲ, ಪ್ರತಿ ಹೆಜ್ಜೆಗೂ ಅನುಮತಿ ಕೇಳುವ ಕಿಟಕಿಯೊಂದು ತೆರೆದುಕೊಳ್ಳುತ್ತಿತ್ತು. ಜಗತ್ತಿನಾದ್ಯಂತ ಅನೇಕರು ಎಕ್ಸ್‌ಪಿಗೆ ಮರಳಿದರು. ವಿಸ್ಟಾದ ಬಿಸಿನೆಸ್ ಮತ್ತು ಅಲ್ಟಿಮೇಟ್ ಆವೃತ್ತಿಯೊಡನೆ ಯಂತ್ರ ಕೊಂಡವರಿಗೆ ಎಕ್ಸ್‌ಪಿ ಪ್ರೊಫೆಷನಲ್‌ಗೆ ಇಳಿಯುವ ಹಕ್ಕು ಪರವಾನಗಿಯಲ್ಲಿಯೇ ಇತ್ತು.

ಅಂದು ಮರಳಿದವರ ನಿರ್ಧಾರ ತಪ್ಪಾಗಿರಲಿಲ್ಲ ಎಂದೇ ಹೇಳಬೇಕು. ಏಕೆಂದರೆ ಎಕ್ಸ್‌ಪಿಗೆ 2014ರ ಏಪ್ರಿಲ್ 8ರವರೆಗೂ ಸುರಕ್ಷತಾ ಪರಿಷ್ಕರಣೆಗಳು ದೊರೆತವು. ಅಷ್ಟರೊಳಗೆ, 2009ರ ಅಕ್ಟೋಬರ್‌ನಲ್ಲಿ, ವಿಂಡೋಸ್ 7 ಬಂದು ವಿಸ್ಟಾದ ಗೊಡವೆಯೇ ತಪ್ಪಿತು. ಅಂದರೆ ಅವರು ಹಿಂದಿರುಗಿದ ಮನೆಗೆ ಇನ್ನೂ ಏಳು ವರ್ಷ ಕಾವಲುಗಾರನಿದ್ದ. ಇಂದು ವಿಂಡೋಸ್ 10ಕ್ಕೆ ಮರಳುವವರ ಸ್ಥಿತಿ ಹಾಗಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ "ಆಗ ಮಾಡಿದ್ದೆವು, ಈಗಲೂ ಮಾಡೋಣ" ಎನ್ನುವುದು ಸರಿಯಾಗದು.

ಕಾವಲಿಲ್ಲದ ಯಂತ್ರಕ್ಕೆ ಏನಾಗಬಹುದೆಂಬುದಕ್ಕೆ 2017ರ ಮೇ 12ರ ವಾನಾಕ್ರೈ ದಾಳಿ ಸಾಕ್ಷಿ. ಕಡತಗಳನ್ನು ಬೀಗಹಾಕಿ ಒತ್ತೆಹಣ ಕೇಳುವ ಈ ಕುತಂತ್ರಾಂಶಕ್ಕೆ ಪರಿಹಾರವು ಮಾರ್ಚ್ ತಿಂಗಳಲ್ಲಿಯೇ ಬಿಡುಗಡೆಯಾಗಿತ್ತು; ಅದನ್ನು ಹಾಕಿಕೊಳ್ಳದ ಯಂತ್ರಗಳು ಬಲಿಯಾದವು. ನೆರೆಯ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಗಣಕಯಂತ್ರಗಳಿಗೂ ಇದರ ಬಿಸಿ ತಟ್ಟಿತ್ತು. ಬೆಂಬಲ ನಿಂತುಹೋಗಿದ್ದ ಎಕ್ಸ್‌ಪಿಗೆ ಪರಿಹಾರ ಬಂದದ್ದು ದಾಳಿ ನಡೆದ ಮೇಲೆ.

ನಿಂತದ್ದು ಯಾವುದು?

ಮರಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೆಂದರೆ, ನಿಖರವಾಗಿ ಯಾವ ಕೆಲಸ ನಿಂತಿದೆ ಎಂಬುದು. "ಕಂಪ್ಯೂಟರ್ ಸರಿಯಿಲ್ಲ" ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಒಂದೇ ಒಂದು ಉಪಕರಣವೋ ಒಂದೇ ಒಂದು ತಂತ್ರಾಂಶವೋ ಇರುತ್ತದೆ.

ಮುಂಡಗೋಡದಲ್ಲಿ ಲಾರಿ ಕಾಟಾ ಇರುವ ಮೆಕ್ಕೆಜೋಳದ ವರ್ತಕರೊಬ್ಬರನ್ನು ಉದಾಹರಣೆಗೆ ಊಹಿಸಿಕೊಳ್ಳೋಣ. ಕಾಟಾದ ಸೂಚಕದಿಂದ ಒಂಬತ್ತು ಪಿನ್ನಿನ ಹಳೆಯ ಸೀರಿಯಲ್ ತಂತಿ ಬರುತ್ತದೆ. ಈಗಿನ ಯಂತ್ರಗಳಲ್ಲಿ ಆ ಕಿಂಡಿ ಇರುವುದಿಲ್ಲವಾದ್ದರಿಂದ ನಡುವೆ ಯುಎಸ್‌ಬಿ ಪರಿವರ್ತಕವೊಂದನ್ನು ಸಿಕ್ಕಿಸಿರುತ್ತಾರೆ. ಅಗ್ಗದ ಪರಿವರ್ತಕಗಳಲ್ಲಿ ಬಹುಪಾಲು ಇರುವುದು ಪ್ರೊಲಿಫಿಕ್ ಪಿಎಲ್ 2303 ಎಂಬ ಚಿಪ್. ಇದರ ಹಳೆಯ ಮಾದರಿಗಳಿಗೆ ವಿಂಡೋಸ್ 11ರಲ್ಲಿ ಬೆಂಬಲವಿಲ್ಲವೆಂದು ತಯಾರಕರೇ ತಮ್ಮ ಚಾಲಕ ತಂತ್ರಾಂಶದಲ್ಲಿ ಬರೆದಿಟ್ಟಿದ್ದಾರೆ. ತಂತಿ ಸಿಕ್ಕಿಸಿದೊಡನೆ ಆ ಸೂಚನೆ ಸಾಧನಗಳ ಪಟ್ಟಿಯಲ್ಲಿ ಕಾಣುತ್ತದೆ. ವರ್ತಕರು ಇದನ್ನು ನೋಡದೆ ಇಡೀ ಯಂತ್ರವನ್ನು ಹಿಂದಕ್ಕೆ ತಿರುಗಿಸುತ್ತಾರೆ, ಕಾಟಾ ಓಡುತ್ತದೆ, ವಿಂಡೋಸ್ 11 ಕೆಟ್ಟದೆಂಬ ತೀರ್ಮಾನ ಊರಿನಲ್ಲಿ ಹರಡುತ್ತದೆ. ಬೇರೆ ಚಿಪ್ಪಿನ ಹೊಸ ಪರಿವರ್ತಕವೊಂದನ್ನು ತರಿಸಿದ್ದರೆ ಹುಬ್ಬಳ್ಳಿಯಿಂದ ರಿಪೇರಿಯವರು ಬಂದುಹೋಗುವ ವೆಚ್ಚಕ್ಕಿಂತ ಕಡಿಮೆಯಲ್ಲಿ ಕೆಲಸ ಮುಗಿಯುತ್ತಿತ್ತು.

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನ ಕಥೆಯೂ ಹೆಚ್ಚುಕಡಿಮೆ ಇದೇ. ತಯಾರಕರ ಚಾಲಕ ತಂತ್ರಾಂಶ ಸಿಗದಿದ್ದರೆ ವಿಂಡೋಸ್‌ನಲ್ಲಿಯೇ ಇರುವ ಕೇವಲ ಅಕ್ಷರ ಮುದ್ರಿಸುವ ಸಾಮಾನ್ಯ ಚಾಲಕದಿಂದ ಬಿಲ್ಲು ಬರುತ್ತದೆ. ನುಡಿ ಅಥವಾ ಬರಹದ ಹಳೆಯ ಅಕ್ಷರಶೈಲಿಯಲ್ಲಿರುವ ಪತ್ರಗಳು ಹೊಸ ಯಂತ್ರದಲ್ಲಿ ಚಿತ್ರವಿಚಿತ್ರ ಗುರುತುಗಳಾಗಿ ಕಂಡರೆ ಗಾಬರಿಯಾಗಬೇಕಿಲ್ಲ. ಆ ಅಕ್ಷರಶೈಲಿಯ ಕಡತಗಳನ್ನು ನಕಲಿಸಿ ಹಾಕಿದರೆ ಸಾಕು.

ನಿಜವಾಗಿಯೂ ತೊಡಕಾಗುವುದು ಡಾಸ್ ಕಾಲದ ತಂತ್ರಾಂಶಗಳಲ್ಲಿ. ಸ್ಥಳೀಯ ಪ್ರೋಗ್ರಾಮರ್‌ಗಳು ಫಾಕ್ಸ್‌ಪ್ರೋದಲ್ಲಿ ಬರೆದುಕೊಟ್ಟ ಬಡ್ಡಿ ಲೆಕ್ಕ, ದಾಸ್ತಾನು ಲೆಕ್ಕ, ಕೂಲಿ ಪಟ್ಟಿಯ ತಂತ್ರಾಂಶಗಳು 32 ಬಿಟ್ ವಿಂಡೋಸ್ 10ರವರೆಗೂ ಹೇಗೋ ನಡೆದುಬಂದಿವೆ. ವಿಂಡೋಸ್ 11 ಇರುವುದು 64 ಬಿಟ್‌ನಲ್ಲಿ ಮಾತ್ರ. 16 ಬಿಟ್‌ನ ಈ ತಂತ್ರಾಂಶಗಳು ಅದರಲ್ಲಿ ನೇರವಾಗಿ ಚಾಲನೆಯಾಗವು. ಬರೆದುಕೊಟ್ಟವರು ಊರು ಬಿಟ್ಟಿರುತ್ತಾರೆ, ಮೂಲ ಸಂಕೇತ ಯಾರ ಬಳಿಯೂ ಇರುವುದಿಲ್ಲ. ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶದೊಳಗೆ ಇವುಗಳನ್ನು ಓಡಿಸಿ ನೋಡಬಹುದು. ಅದೂ ಆಗದಿದ್ದರೆ ಹಳೆಯ ಯಂತ್ರವನ್ನು ಹಳೆಯ ವ್ಯವಸ್ಥೆಯೊಡನೆ ಹಾಗೆಯೇ ಉಳಿಸಿ, ಅಂತರಜಾಲದ ಸಂಪರ್ಕವನ್ನು ಸಂಪೂರ್ಣ ತೆಗೆದು, ಆ ಒಂದು ಕೆಲಸಕ್ಕೆ ಮಾತ್ರ ಮೀಸಲಿಡುವುದು ಸೂಕ್ತ. ಬ್ಯಾಂಕ್ ವ್ಯವಹಾರ, ಜಿಎಸ್‌ಟಿ ವಿವರಣಾಪಟ್ಟಿ, ಡಿಜಿಟಲ್ ಸಹಿ ಇವೆಲ್ಲ ಹೊಸ ಯಂತ್ರದಲ್ಲಿ ನಡೆಯಲಿ. ಎರಡರ ನಡುವೆ ಪೆನ್‌ಡ್ರೈವ್ ಓಡಾಡುವುದಾದರೆ ಅದನ್ನು ಪ್ರತಿಸಲವೂ ವೈರಸ್ ತಪಾಸಣೆಗೆ ಒಳಪಡಿಸಬೇಕು. ಎಷ್ಟೋ ಕಡೆ ಇದೊಂದೇ ಬಾಗಿಲು ತೆರೆದಿರುತ್ತದೆ.

ವಿಂಡೋಸ್ 10ಕ್ಕೂ ಹಿಂದೆ, ವಿಂಡೋಸ್ 7ರವರೆಗೆ ಹೋಗಬೇಕೆನ್ನುವವರೂ ಇದ್ದಾರೆ. ಅದರ ಬೆಂಬಲ 2020ರ ಜನವರಿ 14ರಂದು ಮುಗಿಯಿತು. 2023ರ ಫೆಬ್ರುವರಿಯಿಂದ ಕ್ರೋಮ್ ಬ್ರೌಸರ್‌ನ ಹೊಸ ಆವೃತ್ತಿಗಳೂ ಅದಕ್ಕೆ ದೊರೆಯುತ್ತಿಲ್ಲ. ಜಾಲತಾಣದ ಕೆಲಸವಿರುವ ಯಂತ್ರಕ್ಕೆ ಈ ವಿಚಾರವನ್ನು ಕೈಬಿಡುವುದೇ ಲೇಸು.

ದುಡ್ಡಿನ ಲೆಕ್ಕ

ಮರಳುವುದು ಪುಕ್ಕಟೆ ಎಂಬ ಭಾವನೆ ಸಾಮಾನ್ಯವಾಗಿದೆ. ವಿಂಡೋಸ್ 10ರಲ್ಲಿ ಉಳಿಯುವ ಉದ್ಯಮಗಳಿಗೆ ಮೈಕ್ರೋಸಾಫ್ಟ್ ವಿಸ್ತರಿತ ಸುರಕ್ಷತಾ ಪರಿಷ್ಕರಣೆಗಳನ್ನು ಶುಲ್ಕಕ್ಕೆ ಒದಗಿಸುತ್ತದೆ. ಪ್ರಕಟಿತ ದರ ಒಂದು ಯಂತ್ರಕ್ಕೆ ಮೊದಲ ವರ್ಷ 61 ಡಾಲರ್. ಎರಡನೆಯ ವರ್ಷ ಅದರ ದುಪ್ಪಟ್ಟು, ಮೂರನೆಯ ವರ್ಷ ಮತ್ತೆ ದುಪ್ಪಟ್ಟು. ಮೂರು ವರ್ಷಕ್ಕೆ ಒಟ್ಟು 427 ಡಾಲರ್, ಅಂದರೆ 35,000 ರೂಪಾಯಿಗೂ ಮಿಗಿಲು. ಎರಡನೆಯ ವರ್ಷ ಸೇರುವವರು ಮೊದಲ ವರ್ಷದ ಬಾಕಿಯನ್ನೂ ಕಟ್ಟಬೇಕು. ಅತ್ಯಂತ ಅಗ್ಗವಾಗಿ ಅಥವಾ ಉಚಿತವಾಗಿ ಸಿಗುವ ಇನ್ನೊಂದು ಯೋಜನೆ ಪ್ರಕಟವಾದದ್ದು ಮನೆಬಳಕೆಯ ಯಂತ್ರಗಳಿಗೆಂದು, 2026ರ ಅಕ್ಟೋಬರ್ 13ರವರೆಗೆಂದು. ಅಂಗಡಿಯ ಯಂತ್ರವನ್ನು ಅದರಡಿ ನೋಂದಾಯಿಸುವುದು ಪರವಾನಗಿಗೆ ವಿರುದ್ಧ.

ಇದರ ಎದುರಿಗೆ 40,000 ರೂಪಾಯಿಯ ಹೊಸ ಯಂತ್ರವನ್ನು ಇಟ್ಟು ನೋಡಬಹುದು. ಮೇಲೆ ಶೇ. 18 ಜಿಎಸ್‌ಟಿ, 7,200 ರೂಪಾಯಿ. ಕಾಂಪೊಸಿಷನ್ ಯೋಜನೆಯಲ್ಲಿಲ್ಲದ ನೋಂದಾಯಿತ ವರ್ತಕರಿಗೆ ಇದು ಹೂಡುವಳಿ ತೆರಿಗೆ ಜಮೆಯಾಗಿ ಹಿಂದಿರುಗುತ್ತದೆ. 2017ರ ಏಪ್ರಿಲ್‌ನಿಂದ ಬಂದ ಶೇ. 40ರ ಸವಕಳಿ ದರದಂತೆ ಮೊದಲ ವರ್ಷವೇ 16,000 ರೂಪಾಯಿ ಲಾಭದಿಂದ ಕಳೆಯುತ್ತದೆ. ಯಂತ್ರ ಬಳಕೆಯಾದದ್ದು 180 ದಿನಕ್ಕಿಂತ ಕಡಿಮೆಯಾದರೆ ಅರ್ಧ. ಕಾಂಪೊಸಿಷನ್‌ನಲ್ಲಿರುವ ಸಣ್ಣ ಅಂಗಡಿಯವರಿಗೆ ಈ ಲೆಕ್ಕ ಇಷ್ಟು ಸಲೀಸಾಗಿಲ್ಲ ಎಂಬುದನ್ನು ಒಪ್ಪಬೇಕು. ಅವರ ಯಂತ್ರ ಇಂಟೆಲ್‌ನ ಎಂಟನೆಯ ತಲೆಮಾರಿಗೂ ಹಿಂದಿನದಾಗಿದ್ದರೆ ವಿಂಡೋಸ್ 11 ಅಧಿಕೃತವಾಗಿ ಅದರಲ್ಲಿ ಕೂರುವುದೂ ಇಲ್ಲ. ಅಂಥವರು ಒಂದು ವರ್ಷದ 61 ಡಾಲರ್ ಕಟ್ಟಿ, ಆ ಅವಧಿಯಲ್ಲಿ ಹೊಸ ಯಂತ್ರಕ್ಕೆ ಹಣ ಹೊಂದಿಸಿಕೊಳ್ಳುವುದು ಸಮಂಜಸ.

ಹೊಸದಾಗಿ ಕೊಂಡ ಯಂತ್ರವನ್ನು ಹಿಂದಕ್ಕೆ ತಿರುಗಿಸುವವರು ಪರವಾನಗಿಯನ್ನೂ ನೋಡಬೇಕು. ವಿಂಡೋಸ್ 11 ಪ್ರೊ ಜೊತೆ ಬಂದ ಯಂತ್ರಕ್ಕೆ ವಿಂಡೋಸ್ 10 ಪ್ರೊಗೆ ಇಳಿಯುವ ಹಕ್ಕಿದೆ, ಹೋಂ ಆವೃತ್ತಿಗೆ ಇಲ್ಲ.

ಪುಸ್ತಕಗಳ ಹೊಣೆ

ಹಿಂದಿರುಗುವಾಗ ಕಳೆದುಹೋಗಬಾರದ ವಸ್ತು ಲೆಕ್ಕಪುಸ್ತಕ. ಜಿಎಸ್‌ಟಿ ಕಾಯಿದೆಯ 36ನೆಯ ಪ್ರಕರಣದಂತೆ ವಾರ್ಷಿಕ ವಿವರಣಾಪಟ್ಟಿ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳ ಕಾಲ ದಾಖಲೆಗಳನ್ನು ಇಡಬೇಕು. ಕಂಪನಿಗಳಿಗೆ ಕಂಪನಿ ಕಾಯಿದೆಯಡಿ ಎಂಟು ವರ್ಷ. ವಿದ್ಯುನ್ಮಾನ ದಾಖಲೆಗಳ ತಿದ್ದುಪಡಿ, ಅಳಿಸುವಿಕೆಗಳ ದಿನಚರಿಯನ್ನೂ ಜಿಎಸ್‌ಟಿ ನಿಯಮಗಳು ಕೇಳುತ್ತವೆ. ಖಾಸಗಿ ಕಂಪನಿಯಾಗಿ ನೋಂದಾಯಿತವಾದ ಸಣ್ಣ ಕಾರ್ಖಾನೆಗಳಿಗೆ 2023ರ ಏಪ್ರಿಲ್ 1ರಿಂದ ತಿದ್ದುಪಡಿಯ ಜಾಡನ್ನು ದಾಖಲಿಸುವ ಲೆಕ್ಕ ತಂತ್ರಾಂಶ ಕಡ್ಡಾಯ. ರಿಪೇರಿಯವರು ಹಳೆಯ ವಿಂಡೋಸ್ ಜೊತೆಗೆ ತಮ್ಮ ಬಳಿಯಿದ್ದ ಹಳೆಯ ಟ್ಯಾಲಿಯನ್ನೂ ಹಾಕಿಟ್ಟುಹೋದರೆ ಈ ಜಾಡು ಅಲ್ಲಿಗೇ ತುಂಡಾಗುತ್ತದೆ.

ಇನ್ನೊಂದು ಅಪಾಯವೂ ಇದೆ. ಟ್ಯಾಲಿ ಪ್ರೈಮ್‌ನ 3.0 ಅಥವಾ ಅದರ ನಂತರದ ಆವೃತ್ತಿಗೆ ಪರಿವರ್ತಿತವಾದ ದತ್ತಾಂಶ ಅದಕ್ಕಿಂತ ಹಿಂದಿನ ಆವೃತ್ತಿಯಲ್ಲಿ ತೆರೆಯುವುದಿಲ್ಲ. ವಿಂಡೋಸ್ ಹಿಂದಕ್ಕೆ ಹೋದರೂ ಟ್ಯಾಲಿ ಇದ್ದಲ್ಲಿಯೇ ಇರಬೇಕು. ಯಂತ್ರವನ್ನು ಫಾರ್ಮ್ಯಾಟ್ ಮಾಡುವ ಮುನ್ನ ಟ್ಯಾಲಿ ಪರವಾನಗಿಯನ್ನು ಒಪ್ಪಿಸಿ, ಮತ್ತೆ ಚಾಲ್ತಿಗೊಳಿಸಿಕೊಳ್ಳುವುದು ಕ್ರಮ. ದತ್ತಾಂಶದ ಪ್ರತಿಯನ್ನು ಎರಡು ಬೇರೆ ಕಡೆ ತೆಗೆದಿಟ್ಟರೆ ಸಾಲದು, ಇನ್ನೊಂದು ಯಂತ್ರದಲ್ಲಿ ತೆರೆದು ಹಿಂದಿನ ದಿನದ ನಗದು ಶಿಲ್ಕು ತಾಳೆಯಾಗುತ್ತದೆಯೇ ಎಂದೂ ನೋಡಬೇಕು. ಬೀರುವಿನೊಳಗಿನ ಪೆನ್‌ಡ್ರೈವ್ ಖಾಲಿಯಿತ್ತೆಂಬ ಸಂಗತಿ ಬೇಕಾದ ದಿನವೇ ತಿಳಿಯಬಾರದು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪೀಕರಣಗೊಂಡಿರುವುದುಂಟು. 48 ಅಂಕಿಗಳ ಬಿಟ್‌ಲಾಕರ್ ಕೀಲಿಸಂಖ್ಯೆಯನ್ನು ಕಾಗದದ ಮೇಲೆ ಬರೆದಿಡದೆ ಒಳಗೆ ಕೈಹಾಕಬಾರದು.

ಎಂದು ಮಾಡುವುದು?

ವಿಂಡೋಸ್ 10ರ ಮೇಲೆಯೇ 11ನ್ನು ಹಾಕಿಸಿದವರಿಗೆ ವಿಂಡೋಸ್‌ನೊಳಗಿಂದಲೇ ಹಿಂದಿರುಗುವ ಸೌಲಭ್ಯ ಹತ್ತು ದಿನಗಳವರೆಗೆ ಇರುತ್ತದೆ. ಆಮೇಲೆ ಹಳೆಯ ವ್ಯವಸ್ಥೆಯ ಕಡತಗಳು ಅಳಿಸಿಹೋಗಿ, ಎಲ್ಲವನ್ನೂ ಹೊಸದಾಗಿ ಹಾಕಬೇಕಾಗುತ್ತದೆ. ಆ ಹತ್ತು ದಿನದೊಳಗೆ ಬಲ್ಲವರಿಂದ ಒಂದು ಆದೇಶ ಕೊಡಿಸಿದರೆ ಅವಧಿಯನ್ನು 60 ದಿನಗಳವರೆಗೆ ಹಿಗ್ಗಿಸಬಹುದು. ಬಿಲ್ಲು, ಕಾಟಾ, ಡಿಜಿಟಲ್ ಸಹಿ, ಇ-ವೇ ಬಿಲ್ ಇವನ್ನೆಲ್ಲ ಮೊದಲ ಮೂರ್ನಾಲ್ಕು ದಿನಗಳಲ್ಲಿಯೇ ಒಮ್ಮೊಮ್ಮೆ ನಡೆಸಿ ನೋಡಬೇಕು. ತಿಂಗಳ ಕೊನೆಗೆ ಡಿಜಿಟಲ್ ಸಹಿಯ ಟೋಕನ್ ತೆಗೆದಾಗ ತೊಂದರೆ ಕಂಡರೆ ಕಾಲ ಮಿಂಚಿರುತ್ತದೆ.

ಮಾಸಿಕ ವಿವರಣಾಪಟ್ಟಿಯವರಿಗೆ ಜಿಎಸ್‌ಟಿಆರ್-1ರ 11ನೆಯ ತಾರೀಖು, 3ಬಿಯ 20ನೆಯ ತಾರೀಖು ಕಳೆದ ಮೇಲೆ ಕೈಹಾಕುವುದು ಕ್ಷೇಮ. ಅದರಲ್ಲೂ ಒಂದೊಂದು ತಾಲೂಕಿಗೆ ಒಂದೊಂದು ಹದವಿದೆ. ಹಳಿಯಾಳದಲ್ಲಿ ಕಬ್ಬು ಅರೆಯುವ ಹಂಗಾಮು ಆರಂಭವಾದ ಮೇಲೆ, ಮುಂಡಗೋಡಕ್ಕೆ ಮೆಕ್ಕೆಜೋಳದ ಗಾಡಿಗಳು ಬರತೊಡಗಿದ ಮೇಲೆ ಒಂದು ದಿನವೂ ಯಂತ್ರ ನಿಲ್ಲುವಂತಿಲ್ಲ. ಜೋಯಿಡಾ, ದಾಂಡೇಲಿಯ ಪ್ರವಾಸಿ ಉದ್ಯಮಕ್ಕೆ ಮಳೆಗಾಲವೇ ಬಿಡುವು. ಆದರೆ ಅದೇ ಮಳೆಯಲ್ಲಿ ವಿದ್ಯುತ್ತೂ ನೆಟ್‌ವರ್ಕೂ ಕೈಕೊಡುವುದರಿಂದ, ಅರ್ಧ ಕೆಲಸವಾಗಿರುವಾಗ ಯಂತ್ರ ಆರಿಹೋಗದಂತೆ ಯುಪಿಎಸ್‌ನ ಬ್ಯಾಟರಿಯನ್ನು ಮೇ ತಿಂಗಳಲ್ಲಿಯೇ ಪರೀಕ್ಷಿಸಿಟ್ಟುಕೊಳ್ಳಬೇಕು.